ಒಪ್ಪಿಗೆ ಸಿಕ್ಕ ಮೇಲೆ ಶುರುವಾದ ಜಗಳ: ಮಂಡ್ಯ–ಮೈಸೂರಿನ ಒಂದು ಪ್ರಕರಣ ಅಧ್ಯಯನ

ಹುಡುಗಿಗೆ 25 ವರ್ಷ, ಹುಡುಗನಿಗೆ 27. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಶುರುವಾದ ಪ್ರೀತಿಗೆ ನಾಲ್ಕು ವರ್ಷ ತುಂಬಿತ್ತು. ಮನೆಯವರು ವರ್ಷಕ್ಕೂ ಮೇಲೆ ವಿರೋಧಿಸಿ, ಕೊನೆಗೆ ಒಪ್ಪಿ, ತಾಂಬೂಲ ಬದಲಾಯಿಸಿಕೊಂಡು, ಛತ್ರ ಹುಡುಕಲು ಶುರು ಮಾಡಿದ್ದರು. ಇಬ್ಬರೂ ಆಪ್ತಸಮಾಲೋಚಕರ ಹತ್ತಿರ ಬಂದದ್ದು ಇಷ್ಟೆಲ್ಲ ಆದ ಮೇಲೆ. ಹುಡುಗಿ ಮದುವೆ ಮುಂದಕ್ಕೆ ಹಾಕೋಣ ಅನ್ನುತ್ತಿದ್ದಳು. ಹುಡುಗ ಮೂರು ವಾರದಿಂದ ಅವಳ ಫೋನಿಗೆ ಸರಿಯಾಗಿ ಉತ್ತರ ಕೊಡುತ್ತಿರಲಿಲ್ಲ.

“ಅಷ್ಟು ಗಲಾಟೆ ಆದಾಗ ಗಟ್ಟಿಯಾಗಿದ್ದೋರು, ಎಲ್ಲಾ ಸರಿಹೋದ ಮ್ಯಾಕೆ ಯಾಕೆ ಹಿಂಗಾದ್ರು?” ಅಂತ ಹುಡುಗಿಯ ತಾಯಿ ಕೇಳಿದರು. ಪ್ರಕರಣದ ಗಂಟು ಇರುವುದೂ ಅಲ್ಲೇ.

ಗುರುತು ಸಿಗಬಾರದು ಎಂದು ಒಂದೇ ಬಗೆಯ ಹಲವು ಪ್ರಕರಣಗಳ ವಿವರಗಳನ್ನು ಬೆರೆಸಿ ಇದನ್ನು ಬರೆಯಲಾಗಿದೆ. ಹಾಗಾಗಿ ಇಲ್ಲಿ ಹೆಸರುಗಳಿಲ್ಲ.

ಎರಡು ಮನೆ

ಹುಡುಗಿಯದು ಮಂಡ್ಯ ತಾಲ್ಲೂಕಿನ ಹಳ್ಳಿ, ವಿಶ್ವೇಶ್ವರಯ್ಯ ನಾಲೆಯ ಬಯಲು. ಒಕ್ಕಲಿಗರು. ತಂದೆಗೆ ಎರಡೂವರೆ ಎಕರೆ ಕಬ್ಬು, ಮನೆಗಾಗುವಷ್ಟು ಭತ್ತ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ. ಹುಡುಗಿ ಹೈಸ್ಕೂಲಿನಲ್ಲಿದ್ದಾಗಲೇ ಅವಳನ್ನು ಸೋದರಮಾವನ ಮಗನಿಗೆ ಕೊಡುವುದು ಅಂತ ಬಾಯಿಮಾತು ಆಗಿತ್ತು. ಬಳಗಕ್ಕೆಲ್ಲ ಅದು ಗೊತ್ತು. ತಾಯಿಯ ಪಾಲಿಗೆ ಮಗಳ ಪ್ರೀತಿ ಎಂದರೆ ತನ್ನ ತವರಿನ ಬಾಗಿಲು ಮುಚ್ಚಿಹೋಗುವ ಸಂಗತಿ. ವಿರೋಧದ ಬಿಸಿ ತಂದೆಗಿಂತ ತಾಯಿಯಲ್ಲೇ ಹೆಚ್ಚಿದ್ದದ್ದು ಇದಕ್ಕೆ. ಬಾಯಲ್ಲಿ ಜಾತಿ ಅನ್ನುತ್ತಿದ್ದರು, ಒಳಗಿದ್ದದ್ದು ಅಣ್ಣನ ಭಯ.

ಹುಡುಗನ ಮನೆ ಮೈಸೂರಿನ ಕುವೆಂಪುನಗರದಲ್ಲಿ. ನಂಜನಗೂಡು ಕಡೆಯ ಲಿಂಗಾಯತರು. ತಂದೆ ಸರ್ಕಾರಿ ಕೆಲಸದಿಂದ ನಿವೃತ್ತರು, ಬೆನ್ನಿಗೆ ಆಪರೇಷನ್ ಆಗಿದೆ. ಒಬ್ಬನೇ ಮಗ. 82 ವರ್ಷದ ಅಜ್ಜಿ ದಿನಾ ಇಷ್ಟಲಿಂಗ ಪೂಜೆ ಆಗದೆ ಕಾಫಿ ಕೂಡ ಮುಟ್ಟುವುದಿಲ್ಲ. ಮಗನ ಮದುವೆಯಾದ ಕೂಡಲೇ ಮಹಡಿ ಮೇಲಿನ ಬಾಡಿಗೆಯವರನ್ನು ಬಿಡಿಸಿ ಅಲ್ಲೇ ಸಂಸಾರ ಹೂಡಿಸಬೇಕು ಎಂದು ತಾಯಿ ಬಹಳ ಹಿಂದೆಯೇ ಲೆಕ್ಕ ಹಾಕಿದ್ದರು.

ಕಾನೂನಿನಲ್ಲಿ ಈ ಮದುವೆಗೆ ಯಾವ ತೊಡಕೂ ಇರಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 2ನೇ ಕಲಮಿನಲ್ಲೇ ವೀರಶೈವ, ಲಿಂಗಾಯತರ ಹೆಸರಿದೆ. ಶಾಸ್ತ್ರೋಕ್ತವಾಗಿ ಮದುವೆಯಾಗಿ ನೋಂದಣಿ ಮಾಡಿಸಿದರೆ ಮುಗಿಯಿತು. 1954ರ ವಿಶೇಷ ವಿವಾಹ ಕಾಯ್ದೆಯ 30 ದಿನದ ನೋಟಿಸ್ ಇಲ್ಲಿ ಬೇಕಾಗಿರಲಿಲ್ಲ. ಆದರೂ ಎರಡೂ ಮನೆಯಲ್ಲಿ ತಿಂಗಳುಗಟ್ಟಲೆ “ರಿಜಿಸ್ಟ್ರಾರ್ ಆಫೀಸಲ್ಲಿ ಫೋಟೊ ಹಾಕ್ತಾರಂತೆ” ಅನ್ನುವ ಹೆದರಿಕೆ ಓಡಾಡಿತ್ತು. ಜಾತಿ ಮೀರಿದ ಮದುವೆ ನಮ್ಮಲ್ಲಿ ಇಂದಿಗೂ ಅಪರೂಪ. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅದರ ಪ್ರಮಾಣ ಶೇ 5ರ ಆಸುಪಾಸು. ಹೀಗಾಗಿ ಇಂಥದ್ದು ಹೇಗೆ ನಡೆಯುತ್ತದೆ ಎಂದು ನೋಡಿ ತಿಳಿಯಲು ಎರಡೂ ಬಳಗದಲ್ಲಿ ಒಂದು ಮದುವೆಯೂ ಇರಲಿಲ್ಲ.

ವಿರೋಧದ 14 ತಿಂಗಳು

ತಮ್ಮನ ಕೈಗೆ ಅಕ್ಕನ ಫೋನು ಸಿಕ್ಕಿ ವಿಷಯ ಹೊರಗೆ ಬಂತು. ಹುಡುಗಿಗೆ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ವಿಜಯನಗರದ ಪಿಜಿ ಬಿಡಿಸಿದರು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್, ಸೀಸನ್ ಪಾಸ್ ಮಾಡಿಸಿ ಬೆಳಿಗ್ಗೆ ಹೋಗಿ ಸಂಜೆ ಬರಬೇಕೆಂದರು. ರೈಲು ಹತ್ತಿದ ಕೂಡಲೇ ಲೊಕೇಶನ್ ಕಳಿಸಬೇಕು. ಸಂಬಳದ ಖಾತೆಗೆ ತಾಯಿಯ ಮೊಬೈಲ್ ನಂಬರು ಹಾಕಿಸಿದರು. ಐನೂರು ರೂಪಾಯಿ ತೆಗೆದರೂ ಮೆಸೇಜು ಮನೆಗೆ ಹೋಗುತ್ತಿತ್ತು, ಒಟಿಪಿಯೂ ಅಲ್ಲಿಗೇ.

ಇದೆಲ್ಲ ಓಡಾಟದ ಮೇಲೆ, ದುಡ್ಡಿನ ಮೇಲೆ ಹಾಕಿದ ಕಾವಲು. ತಾಯಿ ಬಿಪಿ ಮಾತ್ರೆ ನಿಲ್ಲಿಸಿದ್ದು, ಎರಡು ದಿನ ಊಟ ಬಿಟ್ಟದ್ದು, “ನನ್ ಹೆಣ ದಾಟ್ಕಂಡು ಹೋಗು” ಅಂದದ್ದು ಬೇರೆಯೇ ಬಗೆ. ಮಕ್ಕಳು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಗಮನಿಸುವುದನ್ನೂ, ತಪ್ಪಿತಸ್ಥ ಭಾವ ಹುಟ್ಟಿಸಿ, ಪ್ರೀತಿ ಹಿಂತೆಗೆದುಕೊಂಡು ಮನಸ್ಸನ್ನು ಹಿಡಿಯುವುದನ್ನೂ ಬೇರೆ ಬೇರೆಯಾಗಿ ನೋಡಬೇಕು ಎಂದು ಅಮೆರಿಕದ ಸಂಶೋಧಕ ಬ್ರಯಾನ್ ಬಾರ್ಬರ್ 1996ರಲ್ಲಿ ಬರೆದರು. ಮಕ್ಕಳ ಒಳಗಿನ ಕುಗ್ಗುವಿಕೆಯ ಜೊತೆ ಹೆಚ್ಚು ಕಾಣಿಸಿಕೊಳ್ಳುವುದು ಎರಡನೆಯದು. ಈ ಹುಡುಗಿಯೂ ರೈಲು, ಲೊಕೇಶನ್ನು, ಒಟಿಪಿ ಬಗ್ಗೆ ಮಾತಾಡುವಾಗ ಸಿಟ್ಟಾಗುತ್ತಿದ್ದಳು, ಮಾತ್ರೆಯ ವಿಷಯ ಬಂದರೆ ಮಾತು ನಿಲ್ಲಿಸುತ್ತಿದ್ದಳು. ಸಿಟ್ಟಿನ ಬಗ್ಗೆ ಹುಡುಗನಿಗೆ ಎಲ್ಲ ಗೊತ್ತಿತ್ತು. ಮಾತ್ರೆಯ ವಿಷಯ ಅವನಿಗೆ ಅವಳು ಹೇಳಿರಲೇ ಇಲ್ಲ.

ಹುಡುಗನ ಮನೆಯಲ್ಲಿ ಗಲಾಟೆ ಕಡಿಮೆ. ತಾಯಿ “ನಿನ್ನಿಷ್ಟ” ಅಂದು ಆರು ತಿಂಗಳು ಆ ಮಾತೇ ಎತ್ತಲಿಲ್ಲ. ಅವನು ಅದನ್ನು ಅರ್ಧ ಒಪ್ಪಿಗೆ ಅಂದುಕೊಂಡ. ಅದು ಒಪ್ಪಿಗೆಯಾಗಿರಲಿಲ್ಲ.

ಈ 14 ತಿಂಗಳಲ್ಲಿ ಇಬ್ಬರ ನಂಟು ಗಟ್ಟಿಯಾಯಿತು ಎಂದು ಸ್ನೇಹಿತರೆಲ್ಲ ಹೇಳುತ್ತಾರೆ. ಅಡ್ಡಿ ಹೆಚ್ಚಿದಷ್ಟೂ ಪ್ರೀತಿ ಹೆಚ್ಚು ಅನ್ನುವುದು ಹಳೆಯ ನಂಬಿಕೆ. 1972ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಡ್ರಿಸ್ಕಾಲ್ ಮತ್ತು ಸಂಗಡಿಗರು 140 ಜೋಡಿಗಳನ್ನು ವಿಚಾರಿಸಿ ಇದಕ್ಕೆ ಆಧಾರ ಸಿಕ್ಕಿತು ಎಂದಿದ್ದರು. ಅದೇ ಪ್ರಶ್ನೆಗಳನ್ನು ಹಿಡಿದು ಸಿಂಕ್ಲೇರ್ ಮತ್ತಿತರರು 2014ರಲ್ಲಿ ಮತ್ತೆ ನೋಡಿದಾಗ ಅದು ನಿಲ್ಲಲಿಲ್ಲ. ಮನೆಯವರ, ಸ್ನೇಹಿತರ ಒಪ್ಪಿಗೆ ಇದ್ದ ಕಡೆಯೇ ಪ್ರೀತಿ, ನಂಬಿಕೆ, ಬದ್ಧತೆ ಹೆಚ್ಚಿದ್ದವು. ನಮ್ಮ ಪ್ರಕರಣದ ಜೋಡಿ ಗಟ್ಟಿಯಾಗಿ ಕಂಡದ್ದಕ್ಕೆ ಕಾರಣ ಸರಳ: ಅವರಿಗೆ ಮಾತಾಡಲು ಇದ್ದದ್ದು ಒಂದೇ ವಿಷಯ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಿಗುತ್ತಿದ್ದ ಅರ್ಧ ಗಂಟೆ ಪೂರ್ತಿ “ನಿಮ್ಮಪ್ಪ ಏನಂದ್ರು, ನಿಮ್ಮಮ್ಮ ಏನಂದ್ರು”. ಮದುವೆಯಾದ ಮೇಲೆ ಎಲ್ಲಿರುವುದು, ಯಾರ ಸಂಬಳ ಯಾವುದಕ್ಕೆ, ಮನೆಯಲ್ಲಿ ಮೊಟ್ಟೆ ಬೇಯಿಸಬಹುದೇ, ಒಂದನ್ನೂ ಆಡಿರಲಿಲ್ಲ. ನಾಲ್ಕು ವರ್ಷದ ಪರಿಚಯದಲ್ಲಿ ಹುಡುಗಿ ತಿಂಗಳಿಗೆ 12,000 ರೂಪಾಯಿ ತಮ್ಮನ ಓದಿಗೆ ಕಳಿಸುವುದು ಹುಡುಗನಿಗೆ ಗೊತ್ತಿರಲಿಲ್ಲ.

ಒಂದು ಮಾತು ಆರು ಬಾಯಿ ದಾಟಿದ್ದು

ಕೊನೆಗೆ ಹುಡುಗಿಯ ದೊಡ್ಡಪ್ಪ ಮಧ್ಯೆ ಬಂದು ತಮ್ಮನನ್ನು, ಅಂದರೆ ಅವಳ ತಂದೆಯನ್ನು, ಒಪ್ಪಿಸಿದರು. ಹಳ್ಳಿಯಲ್ಲಿ ಮಾತುಕತೆ ಆಯಿತು, ತಾಂಬೂಲವಾಯಿತು. ಕಬ್ಬಿನ ದುಡ್ಡು ಕೈಗೆ ಬಂದ ಮೇಲೆ ಮದುವೆ ಎಂದು ಹುಡುಗಿಯ ತಂದೆ ಐದು ತಿಂಗಳು ಕೇಳಿದರು. ಹುಡುಗಿ ಮತ್ತೆ ಪಿಜಿಗೆ ಬಂದಳು. ಎರಡೂ ಮನೆಯ 31 ಮಂದಿ ಇರುವ ವಾಟ್ಸ್ಆ್ಯಪ್ ಗ್ರೂಪ್ ಹುಟ್ಟಿತು. ಬೀಗಿತ್ತಿಯರಿಬ್ಬರೂ ದಿನಾ ಫೋನಿನಲ್ಲಿ ಮಾತಾಡತೊಡಗಿದರು. ಇದನ್ನು ಕಂಡು ಎಲ್ಲರಿಗೂ ಸಂತೋಷ.

ಆಮೇಲೆ ಒಂದು ಗುರುವಾರದ ಸಂಜೆ. ಆ ಒಂದು ಸಂಜೆಯನ್ನು ಬಿಡಿಸಿ ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ.

ಎಂಟು ಗಂಟೆಗೆ ಹುಡುಗಿ ತಾಯಿಗೆ: “ಮೊದಲ್ನೇ ವರ್ಷ ಆಫೀಸ್ ಹತ್ರ ಒಂದ್ ಬೇರೆ ಮನೆ ಮಾಡ್ಕೊಂಡ್ರೆ ಚೆನ್ನಾಗಿರತ್ತೆ ಅನ್ಸತ್ತಮ್ಮ. ಅವ್ನ್ ಹತ್ರ ಇನ್ನೂ ಮಾತಾಡಿಲ್ಲ.”

ತಾಯಿ, ಊಟಕ್ಕೆ ಕೂತ ತಂದೆಗೆ: “ಮಗೂಗೆ ಬ್ಯಾರೆ ಮನೆ ಬೇಕಂತೆ.”

ತಂದೆ, ಅಣ್ಣನಿಗೆ: “ಮಾತುಕತೆ ದಿವ್ಸ ಇದ ಯಾರೂ ಎತ್ಲಿಲ್ಲ. ಈಗ ಬ್ಯಾರೆ ಮನೆ ಅಂತವ್ಳೆ. ನಾಳೆ ನಮ್ ಮ್ಯಾಲೆ ಬರದು ಬ್ಯಾಡ, ಬೀಗ್ರ ಕಿವಿಗೆ ಒಂದ್ ಮಾತು ಹಾಕ್ಬುಡು.”

ದೊಡ್ಡಪ್ಪ, ಹುಡುಗನ ತಂದೆಗೆ: “ನಮ್ ಹುಡ್ಗಿ ಒಟ್ಟಿಗೆ ಇರಕ್ಕೆ ಒಪ್ತಿಲ್ಲ ಕನಣ್ಣ, ಏನ್ ಮಾಡನ ಹೇಳಿ?”

ಹುಡುಗನ ತಂದೆ, ಹೆಂಡತಿಗೆ: “ಅವಳಿಗೆ ನಿನ್ ಜೊತೆ ಆಗಲ್ವಂತೆ.”

ಹತ್ತೂ ಕಾಲಿಗೆ ತಾಯಿ ಮಗನಿಗೆ: “ನಾನೂ ಅಜ್ಜೀನೂ ಊರಿಗೆ ಹೋಗ್ಬಿಡ್ತೀವಿ ಬಿಡಪ್ಪ, ನೀವಿಬ್ರೂ ಆರಾಮಾಗಿರಿ.”

ಹುಡುಗ ಹುಡುಗಿಗೆ ಕಳಿಸಿದ ಮೆಸೇಜು: “ನಮ್ಮಮ್ಮನ ಬಗ್ಗೆ ನೀನು ಏನ್ ಹೇಳ್ದೆ?”

ಇದರಲ್ಲಿ ಸುಳ್ಳು ಹೇಳಿದವರು ಒಬ್ಬರೂ ಇಲ್ಲ. ದಾರಿಯಲ್ಲಿ ಬಿದ್ದುಹೋದದ್ದು ಮೂರು: ‘ಮೊದಲ್ನೇ ವರ್ಷ’, ‘ಆಫೀಸ್ ಹತ್ರ’, ‘ಅವ್ನ್ ಹತ್ರ ಇನ್ನೂ ಮಾತಾಡಿಲ್ಲ’. ಗಡುವು, ಕಾರಣ, ಇದು ಇನ್ನೂ ಯೋಚನೆ ಮಾತ್ರ ಎಂಬ ಸೂಚನೆ. ಈ ಮೂರು ಹೋದರೆ ಆಸೆ ಷರತ್ತಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಭಯವನ್ನು ಒಂದೊಂದು ಚಿಟಿಕೆ ಸೇರಿಸಿ ಮುಂದಕ್ಕೆ ದಾಟಿಸಿದರು. ಹುಡುಗಿಯ ತಂದೆಗೆ ಮಾತು ತಪ್ಪಿದ ಅಪವಾದದ ಭಯ, ಹುಡುಗನ ತಂದೆಗೆ ಮನೆ ಒಡೆಯುವ ಭಯ.

ಇಬ್ಬರ ನಡುವೆ ಒತ್ತಡ ಏರಿದಾಗ ಮೂರನೆಯವರನ್ನು ಎಳೆದುಕೊಂಡು ಹಗುರಾಗುವುದು ಕುಟುಂಬಗಳ ಸಹಜ ಚಾಳಿ ಎಂದು ಅಮೆರಿಕದ ಮನೋವೈದ್ಯ ಮರ್ರೆ ಬೋವೆನ್ ಗುರುತಿಸಿದರು. ಅದಕ್ಕೆ ತ್ರಿಕೋನ ಎಂದರು. ನಮ್ಮ ಕಡೆ ಮೂರು ಮೂಲೆ ಸಾಲುವುದಿಲ್ಲ. ದೊಡ್ಡಪ್ಪ, ಸೋದರಮಾವ, ಚಿಕ್ಕಪ್ಪ ಸೇರಿ ಆರೇಳು ಮೂಲೆಯಾಗುತ್ತದೆ. ವಿರೋಧದ ಕಾಲದಲ್ಲಿ ಮನೆಯವರು ಹೊರಗಿದ್ದರು, ಮಾತು ಇಬ್ಬರ ನಡುವೆ ನೇರವಾಗಿತ್ತು. ಒಪ್ಪಿಗೆಯಾದ ಮೇಲೆ ಮಾತಿನ ದಾರಿಯೇ ಮನೆಯವರ ಮೂಲಕ ಹಾಯತೊಡಗಿತು. ಇವರ ನಂಟು ಬಿರುಕುಬಿಟ್ಟದ್ದು ಇದರಿಂದ. ಹುಡುಗಿಗೆ ಯಾವುದೇ ಯೋಚನೆ ಬಂದರೂ ಮೊದಲು ತಾಯಿಗೆ ಹೇಳುವ ರೂಢಿಯಾಗಿತ್ತು, ಏಕೆಂದರೆ ವರ್ಷದ ಮೇಲೆ ತಾಯಿ ಮತ್ತೆ ಮಾತಾಡುತ್ತಿದ್ದಾರಲ್ಲ ಎಂಬ ಸಂತೋಷ.

ಮೊದಲ ಭೇಟಿಗಳು

ಸಮಾಲೋಚನೆ 11 ವಾರದಲ್ಲಿ ಒಂಬತ್ತು ಭೇಟಿಗಳಾಗಿ ನಡೆಯಿತು, ಮಾಮೂಲಿ ಭೇಟಿ ಒಂದೊಂದು ಗಂಟೆ. ಮೊದಲೆರಡು ಬೇರೆ ಬೇರೆಯಾಗಿ: ಒಂದು ಹುಡುಗಿಯ ಜೊತೆ, ಒಂದು ಹುಡುಗನ ಜೊತೆ. ಇದನ್ನು ಬಿಟ್ಟು ನೇರ ಜೋಡಿಯಾಗಿ ಕೂರಿಸಬಾರದು. ಬೆದರಿಕೆ ಇದೆಯೇ ಎಂಬುದು ಒಬ್ಬರೇ ಇದ್ದಾಗ ಮಾತ್ರ ಹೊರಬರುತ್ತದೆ. ಕೇಳಬೇಕಾದ ಪ್ರಶ್ನೆಗಳು ನೇರವಾಗಿರಬೇಕು. ಯಾರಾದರೂ ಕೈ ಮಾಡಿದ್ದಾರೆಯೇ? ಮನೆಯಲ್ಲಿ ಕೂಡಿಹಾಕಿದ್ದರೇ? ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಎಟಿಎಂ ಕಾರ್ಡ್ ಯಾರ ಹತ್ತಿರ ಇವೆ? ಬೇರೆ ಕಡೆ ಮದುವೆಗೆ ದಿನ ಇಟ್ಟಿದ್ದಾರೆಯೇ? ಸಾಯುವ ಯೋಚನೆ ಬಂದಿದೆಯೇ?

ಇಲ್ಲಿ ಸೋದರಮಾವ ಒಮ್ಮೆ “ಕಾಲ್ ಮುರೀತೀನಿ” ಅಂದದ್ದು ಬಿಟ್ಟರೆ ಬೇರೇನೂ ಇರಲಿಲ್ಲ, ದಾಖಲೆಗಳೆಲ್ಲ ಹುಡುಗಿಯ ಕೈಯಲ್ಲೇ ಇದ್ದವು. ಉತ್ತರ ಬೇರೆಯಾಗಿದ್ದರೆ ಮುಂದಿನ ದಾರಿಯೂ ಬೇರೆ. ಜೀವಭಯ ಇರುವ ಕಡೆ ಎರಡೂ ಮನೆಯವರನ್ನು ಕೂರಿಸಿ ಮಾತಾಡಿಸುವುದು ಅಪಾಯ. ಅಲ್ಲಿ ಮೊದಲು 112, ಮಹಿಳಾ ಸಹಾಯವಾಣಿ 181. ವಯಸ್ಕರಿಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಹೇಳಿದೆ. 2021ರ ಫೆಬ್ರುವರಿಯಲ್ಲಿ ನಮ್ಮ ಬೆಳಗಾವಿ ಕಡೆಯ ಪ್ರಕರಣವೊಂದರಲ್ಲಿ, ಮದುವೆಯಾಗಿದ್ದೇನೆ ಎಂದು ಹುಡುಗಿ ತಿಳಿಸಿದ ಮೇಲೂ ಠಾಣೆಗೆ ಬಂದೇ ಹೇಳಿಕೆ ಕೊಡಬೇಕೆಂದು ಹಟ ಹಿಡಿದ ತನಿಖಾಧಿಕಾರಿಯನ್ನು ಇದೇ ಕೋರ್ಟ್ ಕಟುವಾಗಿ ಟೀಕಿಸಿ, ನಾಪತ್ತೆ ದೂರನ್ನು ರದ್ದುಮಾಡಿತು. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪಟ್ಟಿ

ಮೂರನೇ ಭೇಟಿಗೆ ಬರುವ ಮೊದಲು ಇಬ್ಬರೂ ತಮ್ಮ ಪಾಡಿಗೆ ತಾವು, ಒಬ್ಬರಿಗೊಬ್ಬರು ತೋರಿಸದೆ, ಜಗಳದಲ್ಲಿರುವ ಎಲ್ಲ ವಿಷಯ ಬರೆದು ತರಬೇಕಿತ್ತು. ಹುಡುಗಿಯದು 14, ಹುಡುಗನದು 11. ಎರಡರಲ್ಲೂ ಇದ್ದದ್ದು ಆರೇ. ಹುಡುಗನ ಪಟ್ಟಿಯಲ್ಲಿ ಸಂಬಳ ಇರಲಿಲ್ಲ, ಹುಡುಗಿಯ ಪಟ್ಟಿಯಲ್ಲಿ ಅಜ್ಜಿ ಇರಲಿಲ್ಲ.

ನಾಲ್ಕನೇ ಭೇಟಿಯಲ್ಲಿ ಆ ಹತ್ತೊಂಬತ್ತು ವಿಷಯಗಳನ್ನು ಒಂದು ಉದ್ದ ಹಾಳೆಯ ಮೇಲೆ ಮೂರು ಕಾಲಮ್ಮಿಗೆ ಹಂಚಿದರು: ನಮ್ಮದು, ಕೇಳಿ ಮಾಡುವುದು, ಅವರದು. ಕೆಲಸ ನೋಡಲು ಸಲೀಸು. ಎಡವುವುದು ಇಲ್ಲೇ. ಹುಡುಗ ಹುಡುಗಿಯರು ಸಾಮಾನ್ಯವಾಗಿ ಎಲ್ಲವನ್ನೂ ‘ನಮ್ಮದು’ ಕಾಲಮ್ಮಿಗೆ ತುಂಬುತ್ತಾರೆ. ಇವರೂ ಬೀಗರ ಔತಣವನ್ನು ಅಲ್ಲೇ ಬರೆದರು. ಹುಡುಗನ ಮನೆಯವರಿಗೆ ಮುಜುಗರ ಬೇಡ, ಬಾಡೂಟ ಕೈಬಿಡೋಣ ಅಂತ ಇಬ್ಬರೇ ತೀರ್ಮಾನ ಮಾಡಿಯೂ ಬಿಟ್ಟಿದ್ದರು. ಅದಕ್ಕೇ ಹುಡುಗಿಯ ತಂದೆ ಒಂದು ವಾರ ಮಗಳ ಮುಖ ನೋಡಿರಲಿಲ್ಲ.

ಮಂಡ್ಯ ಸೀಮೆಯಲ್ಲಿ ಬೀಗರ ಔತಣ ಬರೀ ರುಚಿಯ ವಿಷಯವಲ್ಲ. ಮದುವೆ ಸಸ್ಯಾಹಾರದಲ್ಲಿ ಮುಗಿಯುತ್ತದೆ, ಊರಿನ ಲೆಕ್ಕ ಚುಕ್ತಾ ಆಗುವುದು ಆಮೇಲಿನ ಮುದ್ದೆ–ಮಟನ್ ಊಟದಲ್ಲಿ. ಯಾರ ಮನೆಯಲ್ಲಿ ಎಷ್ಟು ಸಲ ಉಂಡಿದ್ದೇವೆ, ಎಷ್ಟು ಮುಯ್ಯಿ ಓದಿಸಿದ್ದಾರೆ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ. ಮೂವತ್ತು ವರ್ಷ ಊರವರ ಮನೆಯಲ್ಲಿ ಉಂಡು, ತನ್ನ ಸರದಿ ಬಂದಾಗ ಎಲೆ ಹಾಸದವನು ಆ ಊರಿನಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ. “ಸೊಪ್ಪುಸಾರಲ್ಲಿ ಮುಗಿಸಿದ್ರೆ ನನ್ನ ಯಾರೂ ಹತ್ರ ಸೇರಿಸಕಿಲ್ಲ” ಎಂದು ತಂದೆ ಅಂದದ್ದು ಉತ್ಪ್ರೇಕ್ಷೆಯಲ್ಲ. ಸಮಾಲೋಚಕರು ಕೇಳಿದ್ದು ಮೂರೇ ಪ್ರಶ್ನೆ. ದುಡ್ಡು ಯಾರದು? ಊರವರಿಗೆ ಉತ್ತರ ಕೊಡುವವರು ಯಾರು? ಮಾಡಿದರೆ ನಿಮ್ಮಿಬ್ಬರ ಬದುಕಿನಲ್ಲಿ ಮರುದಿನ ಏನು ಬದಲಾಗುತ್ತದೆ? ಔತಣ ‘ಅವರದು’ ಕಾಲಮ್ಮಿಗೆ ಹೋಯಿತು. ಹಿರಿಯರು ಬಾಯಿ ಹಾಕಿದ್ದೆಲ್ಲ ಹಸ್ತಕ್ಷೇಪ ಅಂದುಕೊಳ್ಳುವ ಚಟ ಈಚೆಗೆ ಹೆಚ್ಚಾಗಿದೆ, ಇದು ಅದಕ್ಕೊಂದು ನಿದರ್ಶನ.

ಲಿಂಗಧಾರಣೆಯದು ಇದಕ್ಕೆ ತಿರುವುಮುರುವು. ಮದುವೆಗೆ ಮುಂಚೆ ಹುಡುಗಿಗೆ ಲಿಂಗಧಾರಣೆ ಆಗಬೇಕೆಂಬುದು ಅಜ್ಜಿಯ ಆಸೆ. ಹುಡುಗ ಅದನ್ನು ‘ಅವರದು’ ಎಂದು ಬರೆದಿದ್ದ, ಹಿರಿಯರ ಶಾಸ್ತ್ರ ತಾನೇ ಎಂಬ ಧೋರಣೆಯಲ್ಲಿ. ಕೊರಳಿಗೆ ಕಟ್ಟಿಕೊಳ್ಳುವವಳು, ಮುಂದೆ ದಿನಾ ನೇಮ ನಡೆಸಬೇಕಾದವಳು ಅವಳು. ಅದು ‘ನಮ್ಮದು’ ಕೂಡ ಅಲ್ಲ, ಅವಳೊಬ್ಬಳದು. ಪಕ್ಕದಲ್ಲಿ ಅವಳ ಹೆಸರು ಮಾತ್ರ ಬರೆದರು.

ನಿಮ್ಮ ಮನೆಗೆ ನೀವೇ

ಐದನೇ ಭೇಟಿಯಿಂದ ಮಾತಿನ ದಾರಿ ಬದಲಾಯಿಸುವ ಕೆಲಸ. ನಿಯಮ ಒಂದೇ: ಅವನ ಮನೆಗೆ ಹೇಳಬೇಕಾದ್ದನ್ನು ಅವನೇ ಹೇಳಬೇಕು, ಅವಳ ಮನೆಗೆ ಅವಳೇ. ‘ನಮ್ಮದು’ ಕಾಲಮ್ಮಿನ ಯಾವ ವಿಷಯವೂ ಇಬ್ಬರೂ ಆಡಿ ಮುಗಿಸುವ ತನಕ ತಾಯಂದಿರ ಕಿವಿಗೆ ಹೋಗುವಂತಿಲ್ಲ. ಇದಕ್ಕಾಗಿ ಬುಧವಾರ ರಾತ್ರಿ ಮತ್ತು ಭಾನುವಾರ ಬೆಳಿಗ್ಗೆ ಇಪ್ಪತ್ತು ಇಪ್ಪತ್ತು ನಿಮಿಷ, ಒಂದು ಸಲಕ್ಕೆ ಒಂದೇ ವಿಷಯ. ಇಪ್ಪತ್ತು ನಿಮಿಷ ಆದ ಮೇಲೆ ಮುಗಿಯದಿದ್ದರೂ ನಿಲ್ಲಿಸುವುದು. ಎಳೆದರೆ ಹಳೆಯ ಜಗಳ ಎದ್ದು ಕೂರುತ್ತದೆ.

ಮನೆಗೆ ಹೇಳುವ ಮಾತನ್ನು ಬರೆದು ಅಭ್ಯಾಸ ಮಾಡಿಸಿದರು. ಹುಡುಗನದು ಹೀಗಿತ್ತು: “ಅಮ್ಮ, ಮನೆ ವಿಷಯ ನಾವಿಬ್ರೂ ಮಾತಾಡ್ತಾ ಇದೀವಿ. ಭಾನುವಾರ ಸಂಜೆ ನಾನೇ ನಿಂಗೆ ಹೇಳ್ತೀನಿ. ಅಲ್ಲೀವರೆಗೂ ಮಂಡ್ಯಕ್ಕೆ ಫೋನ್ ಮಾಡ್ಬೇಡಮ್ಮ.” ಮೂರು ವಾಕ್ಯಕ್ಕೂ ಒಂದೊಂದು ಕೆಲಸ ಇದೆ. ಮೊದಲನೆಯದು ವಿಷಯ ಬಿದ್ದುಹೋಗಿಲ್ಲ ಎಂದು ತಿಳಿಸುತ್ತದೆ. ಎರಡನೆಯದು ದಿನ ಕೊಡುತ್ತದೆ. ದಿನ ಕೊಡದಿದ್ದರೆ ಆ ಖಾಲಿ ಜಾಗವನ್ನು ತಾಯಿ ತಮ್ಮ ಊಹೆಯಿಂದ ತುಂಬುತ್ತಾರೆ. ಮೂರನೆಯದು ಏನು ಬೇಡ ಎಂದು ನೇರವಾಗಿ ಕೇಳುತ್ತದೆ.

ಮೊದಲ ಪ್ರಯತ್ನ ಕೆಟ್ಟಿತು. ಹುಡುಗ ಮನೆಗೆ ಹೋಗಿ ಹೇಳಿದ್ದು, “ಅವಳಿಗೆ ಮಹಡಿ ಮೇಲೆ ಇರೋದು ಇಷ್ಟ ಇಲ್ಲ.” ತಾಯಿಯ ಕಣ್ಣಲ್ಲಿ ಹುಡುಗಿ ಮತ್ತೆ ತಪ್ಪಿತಸ್ಥಳು, ಮಗ ಅಂಚೆಯವನು. ‘ಅವಳಿಗೆ’ ಎಂದು ಶುರುವಾಗುವ ವಾಕ್ಯವನ್ನು ಸ್ವಂತ ತಂದೆತಾಯಿಯ ಮುಂದೆ ಆಡಲೇಬಾರದು. ‘ನನಗೆ’ ಅಥವಾ ‘ನಾವು’ ಎಂದು ಶುರು ಮಾಡಬೇಕು, ಹಾಗೆ ಮಾಡಲು ಆಗದಿದ್ದರೆ ಆ ತೀರ್ಮಾನ ಇನ್ನೂ ಇಬ್ಬರದೂ ಆಗಿಲ್ಲ ಎಂದರ್ಥ. ಇವನ ವಿಷಯದಲ್ಲಿ ಆದದ್ದೂ ಅದೇ. ಕೆದಕಿದಾಗ, ಬೇರೆ ಮನೆ ತನಗೂ ಬೇಕೋ ಬೇಡವೋ ಎಂದು ಅವನು ಯೋಚಿಸಿಯೇ ಇರಲಿಲ್ಲ. ಇನ್ನೆರಡು ಬುಧವಾರ ಅದಕ್ಕೇ ಹೋದವು.

ವಾಟ್ಸ್ಆ್ಯಪ್ ಗ್ರೂಪನ್ನು ಮುಚ್ಚುವುದು ಸಾಧ್ಯವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಛತ್ರ, ದಿನಾಂಕ, ಬಸ್ಸು, ಲಗ್ನಪತ್ರಿಕೆಗೆ ಅದು ಇರಲಿ, ಉಳಿದದ್ದಕ್ಕೆ ಇಬ್ಬರೂ ಅಲ್ಲಿ ಉತ್ತರ ಕೊಡುವುದಿಲ್ಲ ಎಂದಾಯಿತು.

ಎರಡು ಮನೆ ಕೂಡಿದ್ದು

ಕೂಡಿ ಕೂರುವ ಭೇಟಿಯನ್ನು ಯಾರ ಮನೆಯಲ್ಲೂ ಇಡಬಾರದು. ಬೀಗರ ಮನೆಯಲ್ಲಿ ಕಾಫಿ ಕುಡಿದು ಊಟಕ್ಕೆ ಕೂತ ಮೇಲೆ ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರುವುದಿಲ್ಲ, ವಾಪಸ್ ಬರುವಾಗ ಕಾರಿನಲ್ಲಿ ಬರುತ್ತದೆ. ಏಳನೇ ಭೇಟಿ ಶನಿವಾರ 11ಕ್ಕೆ, ಸಮಾಲೋಚಕರ ಕೊಠಡಿಯಲ್ಲಿ. “ಮನೆಯವರು ಬನ್ನಿ” ಎಂದಷ್ಟೇ ಹೇಳಿ ಕಳಿಸಿದ್ದರು. ಬಂದವರು ಎಂಟು ಮಂದಿ: ನಾಲ್ವರು ಹೆತ್ತವರು, ದೊಡ್ಡಪ್ಪ, ಸೋದರಮಾವ, ಹುಡುಗನ ಚಿಕ್ಕಪ್ಪ, ಊರಿನ ಹಿರಿಯರೊಬ್ಬರು. ಹತ್ತು ನಿಮಿಷದಲ್ಲಿ ಅದು ನ್ಯಾಯಪಂಚಾಯ್ತಿಯಾಯಿತು. ಸೋದರಮಾವ ಹಳೆಯ ಮಾತು ಎತ್ತಿದರು, ಹುಡುಗನ ತಾಯಿ ಅತ್ತರು, ದೊಡ್ಡಪ್ಪ ತೀರ್ಪು ಹೇಳಲು ಎದ್ದರು. ಇಪ್ಪತ್ತೈದು ನಿಮಿಷಕ್ಕೆ ನಿಲ್ಲಿಸಬೇಕಾಯಿತು. ಹುಡುಗಿಯ ತಂದೆಯದು ತಪ್ಪಲ್ಲ. ಮಾತುಕತೆ ಎಂದರೆ ನಾಲ್ಕು ಜನ ಹಿರಿಯರನ್ನು ಕರೆದೊಯ್ಯುವುದೇ ಪದ್ಧತಿ, ಕರೆದವರೇ ಹೇಳಬೇಕಿತ್ತು.

ಎಂಟನೆಯದಕ್ಕೆ ನಾಲ್ವರ ಹೆಸರು ಹಿಡಿದು ಕರೆದರು. ಒಪ್ಪಿಗೆ ಕುದುರಿಸಿದ ದೊಡ್ಡಪ್ಪನನ್ನು ಕೈಬಿಟ್ಟರೆ ಅವರ ಮಾನಕ್ಕೆ ಕುಂದು, ಆದ್ದರಿಂದ ಮುಂಚಿನ ದಿನ ಅರ್ಧ ಗಂಟೆ ಅವರೊಬ್ಬರ ಜೊತೆ ಕೂತು ವಿಷಯ ತಿಳಿಸಿದರು. ಇಷ್ಟು ಮಾಡದೆ ಹೋದರೆ ಹೊರಗುಳಿದ ಹಿರಿಯರೇ ಮರುದಿನ ಅಡ್ಡಗಾಲಾಗುತ್ತಾರೆ.

ಎಪ್ಪತ್ತೈದು ನಿಮಿಷ, ಫೋನುಗಳು ಹೊರಗೆ. ಏನು ಬೇಕು ಎಂದು ಯಾರನ್ನೂ ಕೇಳಲಿಲ್ಲ. ನಿಮಗೆ ಭಯ ಏನು ಎಂದು ನಾಲ್ವರನ್ನೂ ಐದೈದು ನಿಮಿಷ ಕೇಳಿದರು, ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ. ಹುಡುಗಿಯ ತಾಯಿ ಅಣ್ಣನ ವಿಷಯ ಹೇಳಿದರು. ಹುಡುಗನ ತಾಯಿ ಹೇಳಿದ್ದು ಅಲ್ಲಿದ್ದ ಯಾರಿಗೂ, ಮಗನಿಗೂ ಗೊತ್ತಿರದ ಸಂಗತಿ. ಅತ್ತೆ ರಾತ್ರಿ ಎರಡು ಸಲ ಬಚ್ಚಲಲ್ಲಿ ಬಿದ್ದಿದ್ದರು. ಗಂಡನ ಬೆನ್ನಿಗೆ ಭಾರ ಎತ್ತುವಂತಿಲ್ಲ. ಒಬ್ಬರೇ ಎತ್ತಿ ಕೂರಿಸಿ, ಬೆಳಿಗ್ಗೆ ಯಾರಿಗೂ ಹೇಳಿರಲಿಲ್ಲ. ಮಹಡಿ ಮೇಲೆ ಮಗ ಇರಲಿ ಎಂಬ ಹಟದ ಹಿಂದೆ ಇದ್ದದ್ದು ಸೊಸೆಯ ಮೇಲಿನ ಹಿಡಿತವಲ್ಲ, ರಾತ್ರಿ ಎರಡು ಗಂಟೆಯ ಬಚ್ಚಲು. ಅದಕ್ಕೆ ಪರಿಹಾರ ಬೇರೆ ಇದೆ: ಗೋಡೆಗೆ ಹಿಡಿಕಂಬಿ, ಜಾರದ ಮ್ಯಾಟು, ರಾತ್ರಿ ಉರಿಯುವ ದೀಪ, ಹತ್ತು ನಿಮಿಷದಲ್ಲಿ ತಲುಪುವಷ್ಟು ಹತ್ತಿರದಲ್ಲಿ ಮಗನ ಮನೆ.

ಎಲ್ಲಿಗೆ ಬಂತು

ಆಷಾಢ ಕಳೆದು ಶ್ರಾವಣದಲ್ಲಿ ಮದುವೆಯಾಯಿತು. ಮೈಸೂರಿನ ಆರತಕ್ಷತೆ ಸಸ್ಯಾಹಾರದ್ದು. ಮೂರನೇ ದಿನ ಹಳ್ಳಿಯಲ್ಲಿ ಬೀಗರ ಔತಣ. ಹುಡುಗನ ತಂದೆತಾಯಿ ಬೆಳಿಗ್ಗೆ ಬಂದು, ಹಣ್ಣು ಹಾಲು ತೆಗೆದುಕೊಂಡು, ತಾಂಬೂಲ ಹಿಡಿದು, ಪಂಕ್ತಿಗೆ ಮುಂಚೆ ಹೊರಟರು. ಯಾರಿಗೂ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರಲ್ಲಿ ಒಂದಿಷ್ಟು ಗುಸುಗುಸು ಆಯಿತು, ಸೋದರಮಾವ ಬರಲಿಲ್ಲ.

ಮನೆ ಕುವೆಂಪುನಗರದಿಂದ ಎರಡು ಕಿಲೋಮೀಟರಿನೊಳಗೆ, ಬಾಡಿಗೆಗೆ, ಒಂದು ವರ್ಷದ ಮಟ್ಟಿಗೆ. ಆಫೀಸ್ ಹತ್ತಿರ ಎಂಬ ಹುಡುಗಿಯ ಆಸೆ ಇದರಲ್ಲಿ ಹೋಯಿತು. ಬಚ್ಚಲಿಗೆ ಹಿಡಿಕಂಬಿ ಹಾಕಿಸಿದ್ದು ಮದುವೆಗೆ ಮುಂಚೆಯೇ. ಇಬ್ಬರೂ 15,000 ಹಾಕುವ ಜಂಟಿ ಖಾತೆ ತೆರೆದರು, ತಮ್ಮನ ಡಿಪ್ಲೊಮಾ ಮುಗಿಯುವವರೆಗೆ 12,000 ಹುಡುಗಿಯ ಖಾತೆಯಿಂದಲೇ ಹೋಗುತ್ತದೆ. ಲಿಂಗಧಾರಣೆ ಈಗ ಬೇಡ ಎಂದು ಹುಡುಗಿ ತೀರ್ಮಾನಿಸಿದಳು, ಅಜ್ಜಿಗೆ ಹೇಳಿದವನು ಮೊಮ್ಮಗ. ಅಜ್ಜಿ ಇದುವರೆಗೂ ಪೂರ್ತಿ ಒಪ್ಪಿಲ್ಲ.

ಎಲ್ಲಕ್ಕಿಂತ ತಡವಾದದ್ದು ಬ್ಯಾಂಕಿನ ಮೊಬೈಲ್ ನಂಬರು. ಶಾಖೆಗೆ ಹೋಗಿ ಅರ್ಜಿ ಕೊಟ್ಟರೆ ಆಗುವ ಕೆಲಸ, ಹುಡುಗಿ ನಾಲ್ಕು ತಿಂಗಳು ಮುಂದೂಡಿದಳು. ಬದಲಾಯಿಸುವ ಮುಂಚೆ ತಾಯಿಗೆ ಹೇಳಿಯೇ ಬದಲಾಯಿಸಿದಳು. ತಾಯಿ ಮೂರು ವಾರ ಫೋನ್ ಮಾಡಲಿಲ್ಲ. ಈ ಸಲ ಅವಳು ಅದನ್ನು ಗಂಡನಿಗೆ ಅದೇ ದಿನ ಹೇಳಿದಳು, ಮಾತ್ರೆಯ ಹಳೆಯ ಸಂಗತಿಯನ್ನೂ ಸೇರಿಸಿ.

ಆರು ತಿಂಗಳ ನಂತರದ ಮರುಭೇಟಿಯಲ್ಲಿ ಹೊಸ ವಿಷಯವೊಂದಿತ್ತು: ಹುಡುಗಿಗೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಿದೆ, ವಾರಕ್ಕೆ ಮೂರು ದಿನ ಆಫೀಸಿಗೆ ಹೋಗಬೇಕು. ರೈಲಿನ ಖರ್ಚು, ಅಲ್ಲೊಂದು ಪಿಜಿ, ಅಜ್ಜಿಯ ರಾತ್ರಿಗಳು, ಎಲ್ಲ ಕೂಡಿ ಕಳೆದು ನೋಡಬೇಕಿದೆ. ಎರಡು ಬುಧವಾರ ಮಾತಾಡಿದ್ದಾರೆ, ಇನ್ನೊಂದು ಬಾಕಿ ಇದೆ. ಮನೆಯವರಿಗೆ ಅದಾದ ಮೇಲೆ ಹೇಳುವುದೆಂದು ತೀರ್ಮಾನ, ಮಂಡ್ಯಕ್ಕೆ ಅವಳು, ಕುವೆಂಪುನಗರಕ್ಕೆ ಅವನು.